ಮಳೆ, ರಿಕ್ಷಾ, ಎರಡನೇ ಮಾಳಿಗೆ: ಮಡಚುವ ಹಗುರ ಸ್ಟ್ರೋಲರ್ ಯಾವುದು ಒಳ್ಳೆಯದು?

ಬಿಜೈ ಅಮ್ಮ · ಆಗಸ್ಟ್ 6

ಎಲ್ಲರಿಗೂ ನಮಸ್ಕಾರ. ಮಗಳಿಗೆ ಈಗ 9 ತಿಂಗಳು. ತೂಕ 8 ಕೆಜಿ ಚಿಲ್ಲರೆ. ಇಷ್ಟು ದಿನ ಎತ್ತಿಕೊಂಡೇ ತಿರುಗಾಡಿದೆ. ಈಗ ಬೆನ್ನು ಕೇಳುತ್ತಿಲ್ಲ. ಮಡಚುವ ಹಗುರ ಸ್ಟ್ರೋಲರ್ ಒಂದು ತೆಗೆದುಕೊಳ್ಳಬೇಕು ಅಂತ ಇದ್ದೇನೆ.

ನಮ್ಮ ಮನೆ ಮಂಗಳೂರಿನ ಬಿಜೈಯಲ್ಲಿ, ಹಳೆ ಕಟ್ಟಡದ ಎರಡನೇ ಮಾಳಿಗೆ. ಲಿಫ್ಟ್ ಇಲ್ಲ. ಕಾರೂ ಇಲ್ಲ. ಇವರು ಬೆಳಿಗ್ಗೆ ಬೈಕಿನಲ್ಲಿ ಬೈಕಂಪಾಡಿಗೆ ಕೆಲಸಕ್ಕೆ ಹೋದರೆ ಬರುವಾಗ ಸಂಜೆ ಏಳು. ತರಕಾರಿಗೆ, ಮೆಡಿಕಲ್‌ಗೆ, ಮಗುವಿನ ಲಸಿಕೆಗೆ ನಾನೇ ಹೋಗಬೇಕು. ತಿಂಗಳಿಗೆ ಎರಡು ಸಲ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಉಡುಪಿಗೆ, ತವರಿಗೆ ಹೋಗುತ್ತೇನೆ. ದೀಪಾವಳಿಗೆ ನಾದಿನಿ ಮನೆಗೆ ಮುಂಬೈಗೆ ವಿಮಾನದಲ್ಲಿ ಹೋಗುವುದು ಉಂಟು. ಬಜೆಟ್ 8 ಸಾವಿರ. ತುಂಬಾ ಒಳ್ಳೆಯದಾದರೆ 10.

ಅಂಗಡಿಯಲ್ಲಿ ಮೂರು ನೋಡಿದೆ. ಒಂದು 5 ಕೆಜಿ, ಒಂದು ಆರೂವರೆ, ಒಂದು 8. ಮೂರನ್ನೂ "ಇದು ಹಗುರ ಮೇಡಂ" ಅಂದರು. ಅಂಗಡಿಯ ಟೈಲ್ಸ್ ಮೇಲೆ ಎಲ್ಲವೂ ಚೆನ್ನಾಗಿಯೇ ಓಡುತ್ತವೆ. ನಮ್ಮ ರಸ್ತೆಯಲ್ಲಿ, ಈ ಮಳೆಯಲ್ಲಿ ಓಡುತ್ತವಾ? ದಿನಾ ಬಳಸುವವರು ಹೇಳಿ ಪ್ಲೀಸ್.

ಕದ್ರಿ ಕಂಬಳ · ಆಗಸ್ಟ್ 6

ನಾನು ಎರಡು ಸ್ಟ್ರೋಲರ್ ಕೊಂಡವಳು. ಮೊದಲನೆಯದು ದೊಡ್ಡದು, ಸುಮಾರು 9 ಕೆಜಿ. ಮಗು ಹುಟ್ಟುವ ಮೊದಲೇ ಆಸೆಯಿಂದ ತಂದದ್ದು. ಕೆಳಗೆ ದೊಡ್ಡ ಬುಟ್ಟಿ, ದಪ್ಪ ಮೆತ್ತೆ, ಮುಂದೆ ಊಟದ ಟ್ರೇ, ಎಲ್ಲ ಇತ್ತು. ನಮ್ಮ ಮನೆಯಿಂದ ಗೇಟಿಗೆ ಹನ್ನೊಂದು ಮೆಟ್ಟಿಲು. ಒಂದು ತಿಂಗಳು ಇಳಿಸಿ, ಹತ್ತಿಸಿ ಸಾಕಾಯಿತು. ಈಗ ಅದು ಅಟ್ಟದಲ್ಲಿದೆ. ಎರಡನೆಯದು ಆರೂವರೆ ಕೆಜಿ, ಮೂರು ಮಡಿಕೆಯದು. ಅದನ್ನು ಮೂರು ವರ್ಷ ದಿನಾ ಬಳಸಿದೆ.

ಒಂದು ಲೆಕ್ಕ ಹಾಕಿ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 9 ತಿಂಗಳ ಹೆಣ್ಣು ಮಗುವಿನ ನಡುಮಟ್ಟದ ತೂಕ 8.2 ಕೆಜಿ. ಎರಡು ವರ್ಷಕ್ಕೆ 11.5. ಗಾಡಿ 6.5 ಅಂತ ಇಟ್ಟುಕೊಳ್ಳಿ, ಚೀಲ 2. ಈಗಲೇ ಹೆಚ್ಚುಕಡಿಮೆ 17 ಕೆಜಿ. ಎರಡು ವರ್ಷಕ್ಕೆ 20. ಇಷ್ಟನ್ನು ನೀವು ಒಬ್ಬರೇ ಎರಡು ಮಾಳಿಗೆ ಹತ್ತಿಸಬೇಕು. ಹಾಗಾಗಿ 8 ಕೆಜಿಯದನ್ನು ಈಗಲೇ ಬಿಡಿ.

ಉಳಿದ ಎರಡರಲ್ಲಿ ತೂಕ ನೋಡಿ ಆರಿಸಬೇಡಿ. ಮಡಚುವ ರೀತಿ ನೋಡಿ. ಮಗುವನ್ನು ಅಂಗಡಿಗೇ ಕರೆದುಕೊಂಡು ಹೋಗಿ. ಮಗು ಎಡ ಸೊಂಟದಲ್ಲಿರಲಿ, ಚೀಲ ಹೆಗಲಲ್ಲಿರಲಿ. ಬಲಗೈ ಒಂದರಲ್ಲೇ ಮಡಚಿ. ಎತ್ತಿಕೊಂಡು ಹತ್ತು ಹೆಜ್ಜೆ ನಡೆಯಿರಿ. ಪುನಃ ಬಿಡಿಸಿ. ಅಂಗಡಿಯವರು ಮಾಡಿ ತೋರಿಸಿದರೆ ಸಾಲದು, ಅವರಿಗೆ ಅದು ದಿನದ ಅಭ್ಯಾಸ. ಜ್ಯೋತಿ ಸರ್ಕಲ್ ಹತ್ತಿರ ರಿಕ್ಷಾ ನಿಲ್ಲಿಸಿದಾಗ ಹಿಂದೆ ಸಿಟಿ ಬಸ್ ಹಾರ್ನ್ ಹೊಡೆಯುತ್ತಾ ಇರುತ್ತದೆ. ಮೇಲಿಂದ ಮಳೆ. ಆಗ ಎರಡು ಬಟನ್ ಒತ್ತಿ, ಕಾಲಲ್ಲಿ ಲಾಕ್ ಎತ್ತಿ, ಬಗ್ಗಿ ಪಟ್ಟಿ ಹುಡುಕುವ ಗಾಡಿಯಾದರೆ ನಿಜವಾಗಿಯೂ ಅಳು ಬರುತ್ತದೆ. ನನಗೆ ಬಂದಿದೆ.

ಇಂದ್ರಾಳಿ ಅಪ್ಪ · ಆಗಸ್ಟ್ 6

ನಾನು ಕೊಡೆಯ ಹಾಗೆ ಮಡಚುವ ಗಾಡಿಯ ಪರ. 3,200 ಕೊಟ್ಟು ತಂದೆ. ಸುಮಾರು ಐದು ಕೆಜಿ. ಮಗನನ್ನು ಇಂದ್ರಾಳಿ ಸ್ಟೇಷನ್‌ನಿಂದ ಪಂಚಗಂಗಾ ರೈಲಿನಲ್ಲಿ ಎಷ್ಟೋ ಸಲ ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದೇವೆ. ಮಡಚಿದರೆ ಉದ್ದ ಕೋಲಿನ ಹಾಗೆ ಆಗುತ್ತದೆ. ಹೆಗಲಿಗೆ ಹಾಕಿಕೊಂಡು ರೈಲು ಹತ್ತಬಹುದು. ಕೆಳಗಿನ ಬರ್ತಿನ ಅಡಿಯಲ್ಲಿ ಉದ್ದಕ್ಕೆ ತಳ್ಳಿದರೆ ಯಾರ ಕಾಲಿಗೂ ಸಿಗುವುದಿಲ್ಲ.

ಇದರ ಹಿಂದೆ ಒಂದು ಒಳ್ಳೆ ಕಥೆ ಉಂಟು, ಕೇಳಿ. ಈ ಮಾದರಿಯನ್ನು ಮೊದಲು ಮಾಡಿದವರು ಓವೆನ್ ಮ್ಯಾಕ್ಲಾರೆನ್ ಅನ್ನುವ ಬ್ರಿಟಿಷ್ ಎಂಜಿನಿಯರ್. ಯುದ್ಧಕಾಲದ ಸ್ಪಿಟ್‌ಫೈರ್ ವಿಮಾನದ ಚಕ್ರದ ಕಾಲುಗಳ ಮೇಲೆ ಕೆಲಸ ಮಾಡಿದವರು. ವಿಮಾನ ಹಾರಿದ ಮೇಲೆ ಆ ಕಾಲುಗಳು ಮಡಚಿ ರೆಕ್ಕೆಯೊಳಗೆ ಹೋಗಬೇಕು, ಇಳಿಯುವಾಗ ಗಟ್ಟಿಯಾಗಿ ನಿಲ್ಲಬೇಕು. ಅವರ ಮಗಳು ಹೊರದೇಶದಿಂದ ಊರಿಗೆ ಬಂದಾಗ ಮೊಮ್ಮಗುವಿನ ಭಾರದ ಗಾಡಿ ಹೊತ್ತು ಸುಸ್ತಾಗಿದ್ದಳಂತೆ. ಅದನ್ನು ನೋಡಿ ಅಜ್ಜ ಅಲ್ಯುಮಿನಿಯಂ ಕೊಳವೆಗಳಲ್ಲಿ ಒಂದು ಗಾಡಿ ಮಾಡಿದರು. 1965ರಲ್ಲಿ ಪೇಟೆಂಟಿಗೆ ಹಾಕಿದರು. ತೂಕ ಬರೀ 2.7 ಕೆಜಿ ಆಸುಪಾಸು. ಇವತ್ತು ನಾವು ನೋಡುವ ಕೊಡೆ ಮಡಿಕೆಯ ಗಾಡಿಗಳೆಲ್ಲ ಅದರದ್ದೇ ಸಂತತಿ.

ಕದ್ರಿ ಕಂಬಳ · ಆಗಸ್ಟ್ 6

ಕಥೆ ಚೆನ್ನಾಗಿದೆ ಅಣ್ಣ. ಆದರೆ ನಿಮ್ಮ ಮನೆಯಲ್ಲಿ ಗಾಡಿ ಹಿಡಿಯಲು ಒಬ್ಬರು, ಮಗು ಹಿಡಿಯಲು ಒಬ್ಬರು ಇದ್ದೀರಿ. ಇವರು ಒಬ್ಬರೇ. ಕೊಡೆ ಮಡಿಕೆಯದಕ್ಕೆ ಹೆಚ್ಚಾಗಿ ಎರಡು ಕೈ ಮತ್ತು ಒಂದು ಕಾಲು ಬೇಕು. ಮಡಚಿದ ಮೇಲೆ ಅದು ತಾನಾಗಿ ನಿಲ್ಲುವುದಿಲ್ಲ. ಗೋಡೆಗೆ ಒರಗಿಸಬೇಕು. ಉದ್ದ ಒಂದು ಮೀಟರ್ ಹತ್ತಿರ ಬರುತ್ತದೆ. ರಿಕ್ಷಾದಲ್ಲಿ ಅಡ್ಡ ಇಟ್ಟರೆ ಹೊರಗೆ ಚಾಚುತ್ತದೆ, ನೇರ ಇಟ್ಟರೆ ಟಾಪಿಗೆ ತಾಗುತ್ತದೆ.

ಮೂರು ಮಡಿಕೆಯದು ಗಿಡ್ಡ ಪೆಟ್ಟಿಗೆಯ ಹಾಗೆ ಆಗುತ್ತದೆ. ರಿಕ್ಷಾದಲ್ಲಿ ಕಾಲಿನ ಹತ್ತಿರ ನಿಲ್ಲಿಸಬಹುದು. ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಡ್ರೈವರ್ ಪಕ್ಕ ಬೋನೆಟ್ ಹತ್ತಿರ ಇಡಲು ಕಂಡಕ್ಟರ್ ಬಿಡುತ್ತಾರೆ. ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು ಅಂತ ಪ್ರತಿ ಸ್ಟಾಪಿನಲ್ಲಿ ಜನ ಹತ್ತುತ್ತಾ ಇಳಿಯುತ್ತಾ ಇರುತ್ತಾರೆ. ದಾರಿಯಲ್ಲಿ ಉದ್ದ ಕೋಲು ಇಟ್ಟರೆ ಆಗುವುದಿಲ್ಲ.

ಇಂದ್ರಾಳಿ ಅಪ್ಪ · ಆಗಸ್ಟ್ 7

ರಿಕ್ಷಾದ ಮಾತು ಒಪ್ಪಿದೆ. ನಮ್ಮದು ಕಾರು ಮತ್ತು ರೈಲು, ಅದಕ್ಕೆ ನನಗೆ ಹಾಗೆ ಅನ್ನಿಸಲಿಲ್ಲ.

ಸುರತ್ಕಲ್ ಅಜ್ಜಿ · ಆಗಸ್ಟ್ 7

ಮಗಳೇ, ನಾನು ನಾಲ್ಕು ಮೊಮ್ಮಕ್ಕಳನ್ನು ಸೊಂಟದಲ್ಲಿ ಕೂರಿಸಿಕೊಂಡು ಬೆಳೆಸಿದವಳು. ಗಾಡಿ ಯಾಕೆ, ಎತ್ತಿಕೊಳ್ಳಲು ನಾವಿಲ್ಲವಾ ಅಂತ ನಾನೂ ಸೊಸೆಗೆ ಹೇಳಿದ್ದೆ. ಆಮೇಲೆ ನನ್ನದೇ ಮೊಣಕಾಲು ನೋವು ಜೋರಾಯಿತು. ಮಗುವನ್ನು ಎತ್ತಿಕೊಂಡು ಅಂಗಡಿಯ ತನಕ ಹೋಗಲು ಆಗಲಿಲ್ಲ. ಈಗ ಅದೇ ಗಾಡಿಯಲ್ಲಿ ಕೂರಿಸಿ ದಿನಾ ಸಂಜೆ ನಾನೇ ಕರೆದುಕೊಂಡು ಹೋಗುತ್ತೇನೆ. ಯಾರಾದರೂ ಏನಾದರೂ ಅಂದರೆ ತಲೆಗೆ ಹಾಕಿಕೊಳ್ಳಬೇಡ. ಬೆನ್ನು ಹೋದರೆ ಆಮೇಲೆ ಮಗುವನ್ನು ನೋಡುವವರು ಯಾರು?

ಒಂದು ವಿಷಯ ಮಾತ್ರ ನೆನಪಿಡು. ನಮ್ಮ ಊರಿನ ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ. ಗಾಡಿಯ ಸೀಟು ಒಮ್ಮೆ ಒದ್ದೆಯಾದರೆ ಮೂರು ದಿನ ತಣ್ಣಗೇ ಇರುತ್ತದೆ, ನಾಲ್ಕನೇ ದಿನ ಬೂಷ್ಟು. ಕಪ್ಪು ಚುಕ್ಕೆ ಬಂದರೆ ಹೋಗುವುದಿಲ್ಲ. ಮಗು ಅದನ್ನೇ ಬಾಯಿಗೆ ಹಾಕುತ್ತದೆ. ಆದ್ದರಿಂದ ಸೀಟಿನ ಬಟ್ಟೆ ಬಿಚ್ಚಿ ತೊಳೆಯಲು ಬರುವಂಥದ್ದೇ ತೆಗೆದುಕೋ. ಹೊರಗಿಂದ ಬಂದ ಕೂಡಲೇ ಒಣ ಬಟ್ಟೆಯಲ್ಲಿ ಒರೆಸಿ, ಬಿಡಿಸಿಯೇ ಫ್ಯಾನ್ ಕೆಳಗೆ ಇಡು. ಒದ್ದೆ ಇರುವಾಗ ಮಡಚಿ ಮೂಲೆಗೆ ಇಟ್ಟರೆ ಕೆಲಸ ಕೆಟ್ಟಿತು. ನಾವು ಮಕ್ಕಳ ಬಟ್ಟೆಯನ್ನು ಬಚ್ಚಲಿನ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತಿದ್ದೆವು. ಈ ಸೀಟನ್ನು ಹಾಗೆ ಮಾಡಬೇಡ. ಒಳಗೆ ಸ್ಪಂಜು ಇರುತ್ತದೆ, ಬೆಂಕಿ ಹತ್ತಿರ ಅಪಾಯ.

ಬಿಜೈ ಅಮ್ಮ · ಆಗಸ್ಟ್ 7

ಅಜ್ಜಿ, ಓದಿ ಕಣ್ಣು ತುಂಬಿತು. ಅತ್ತೆಗೂ ಇದನ್ನು ಓದಿ ಹೇಳಿದೆ. ಬಟ್ಟೆ ಬಿಚ್ಚಲು ಬರುತ್ತದಾ ಅಂತ ನಾನು ಅಂಗಡಿಯಲ್ಲಿ ಕೇಳಿಯೇ ಇರಲಿಲ್ಲ.

ಉರ್ವ ಸೈಕಲ್ · ಆಗಸ್ಟ್ 7

ಸೈಕಲ್ ರಿಪೇರಿ ನನ್ನ ಕೆಲಸ. ಈಗೀಗ ಮಕ್ಕಳ ಗಾಡಿಯನ್ನೂ ತರುತ್ತಾರೆ. ಹತ್ತರಲ್ಲಿ ಏಳು ಬರುವುದು ಮುಂದಿನ ಚಕ್ರಕ್ಕೆ. ಆದ್ದರಿಂದ ಚಕ್ರದ ಬಗ್ಗೆ ಸ್ವಲ್ಪ ಬರೆಯುತ್ತೇನೆ.

ಅಗ್ಗದ ಗಾಡಿಯಲ್ಲಿ ಗಟ್ಟಿ ಪ್ಲಾಸ್ಟಿಕ್ ಚಕ್ರ ಇರುತ್ತದೆ. ಇಂಟರ್‌ಲಾಕ್ ಕಲ್ಲಿನ ಮೇಲೆ ಹೋದರೆ ಟರ್‌ ಅಂತ ಸದ್ದು, ಮಗುವಿನ ತಲೆ ಅಲ್ಲಾಡುತ್ತದೆ. ಬೇಡ. ಅದಕ್ಕಿಂತ ಮೇಲಿನದು ಇವಿಎ ಫೋಮ್. ಹಗುರ, ಪಂಚರ್ ಇಲ್ಲ. ಆದರೆ ನಮ್ಮ ಕಡೆಯ ಜಲ್ಲಿ ರಸ್ತೆಯಲ್ಲಿ ಬೇಗ ಸವೆಯುತ್ತದೆ. ಹರಳು ಕಚ್ಚಿ ತುಂಡು ಕಿತ್ತು ಬರುತ್ತದೆ. ಪಿಯು (ಪಾಲಿಯುರೆಥೇನ್) ಚಕ್ರ ಸ್ವಲ್ಪ ಭಾರ, ಆದರೆ ಬಾಳುತ್ತದೆ. ಗಾಳಿ ತುಂಬುವ ರಬ್ಬರ್ ಚಕ್ರ ಎಲ್ಲಕ್ಕಿಂತ ಮೆತ್ತಗೆ ಓಡುತ್ತದೆ, ಆದರೆ ಅದು ದೊಡ್ಡ ಗಾಡಿಗೆ. ಪ್ರಯಾಣದ ಗಾಡಿಗೆ ಆಗುವುದಿಲ್ಲ.

ಚಕ್ರ ಸಣ್ಣದಾದಷ್ಟು ಗುಂಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ನಮ್ಮ ಫುಟ್‌ಪಾತ್ ಅಂದರೆ ಚರಂಡಿ ಮೇಲೆ ಹಾಕಿದ ಸ್ಲ್ಯಾಬ್. ಎರಡು ಸ್ಲ್ಯಾಬ್ ನಡುವೆ ಎರಡು ಬೆರಳು ಸಂದು ಇರುತ್ತದೆ. ಮುಂದಿನ ಚಕ್ರ ತಿರುಗಿ ಅಡ್ಡ ನಿಂತರೆ ಅದೇ ಸಂದಿಗೆ ಬೀಳುತ್ತದೆ. ಗಾಡಿ ಒಮ್ಮೆಲೇ ನಿಲ್ಲುತ್ತದೆ, ಮಗು ಮುಂದಕ್ಕೆ ಬರುತ್ತದೆ. ಆದ್ದರಿಂದ ಮುಂದಿನ ಚಕ್ರವನ್ನು ನೇರಕ್ಕೆ ಲಾಕ್ ಮಾಡಲು ಬರಬೇಕು. ಅಂಥ ಕಡೆ ಲಾಕ್ ಹಾಕಿ. ಸಂದು ದಾಟುವಾಗ ಹ್ಯಾಂಡಲ್ ಸ್ವಲ್ಪ ಕೆಳಗೆ ಒತ್ತಿ, ಮುಂದಿನ ಚಕ್ರ ಎತ್ತಿ ದಾಟಿಸಿ. ದೊಡ್ಡ ಮೆಟ್ಟಿಲು ಇಳಿಯುವಾಗ ಗಾಡಿ ತಿರುಗಿಸಿ, ನೀವು ಮೊದಲು ಇಳಿದು, ಹಿಂದಿನ ಚಕ್ರ ಮೊದಲು ಇಳಿಸಿ.

ಬೀಚಿಗೆ ಕರೆದುಕೊಂಡು ಹೋಗುವವರಿಗೆ ಒಂದು ಮಾತು. ಪಣಂಬೂರಿಗೋ ತಣ್ಣೀರುಬಾವಿಗೋ ಹೋಗಿ ಬಂದ ಮೇಲೆ ಚಕ್ರವನ್ನು ಸಿಹಿ ನೀರಲ್ಲಿ ತೊಳೆಯಿರಿ. ಮರಳು ಮತ್ತು ಉಪ್ಪು ಆಕ್ಸಲ್ ಒಳಗೆ ಕೂತರೆ ತಿಂಗಳಲ್ಲಿ ತುಕ್ಕು. ತೊಳೆದು ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ತೆಂಗಿನೆಣ್ಣೆ, ಹೊಲಿಗೆ ಮೆಷಿನ್ ಎಣ್ಣೆ ಬಿಡುತ್ತಾರೆ ಕೆಲವರು. ಎಣ್ಣೆಗೆ ಮರಳು ಇನ್ನೂ ಜಾಸ್ತಿ ಅಂಟುತ್ತದೆ. ಮತ್ತೊಂದು, ಚಕ್ರ ಬಿಚ್ಚಿ ಹಾಕಲು ಬರುವ ಗಾಡಿ ತೆಗೆದುಕೊಳ್ಳಿ. ರಿವೆಟ್ ಹೊಡೆದು ಕೂರಿಸಿದ ಚಕ್ರ ಹೋದರೆ ನಾನೂ ಏನೂ ಮಾಡಲು ಆಗುವುದಿಲ್ಲ. ಒಳ್ಳೆ ಗಾಡಿ ಬರೀ ಒಂದು ಚಕ್ರಕ್ಕಾಗಿ ಗುಜರಿಗೆ ಹೋದದ್ದನ್ನು ನೋಡಿದ್ದೇನೆ. ಬೇಸರವಾಗುತ್ತದೆ.

ಕಂಕನಾಡಿ ಚಿಕ್ಕಮ್ಮ · ಆಗಸ್ಟ್ 7

ಮಧ್ಯೆ ಕೇಳುತ್ತೇನೆ, ಕ್ಷಮಿಸಿ. ನನ್ನ ಅಕ್ಕನ ಮಗುವಿಗೆ 2 ತಿಂಗಳು. ಇದೇ ಥರದ ಗಾಡಿ ಉಡುಗೊರೆ ಕೊಡಬಹುದಾ?

ಮಣಿಪಾಲ ಫಿಸಿಯೋ · ಆಗಸ್ಟ್ 8

ಈಗಲೇ ಬೇಡ. ಅಥವಾ ಪೂರ್ತಿ ಮಲಗಿಸುವ ಸೀಟು ಇರುವುದನ್ನೇ ಕೊಡಿ. ಎರಡು ತಿಂಗಳ ಮಗುವಿಗೆ ಕುತ್ತಿಗೆ ನಿಂತಿರುವುದಿಲ್ಲ. ಕೂತ ಹಾಗೆ ಇರುವ ಸೀಟಿನಲ್ಲಿ ತಲೆ ಎದೆಗೆ ಬಾಗಿ ಉಸಿರಾಟಕ್ಕೆ ತೊಂದರೆ ಆಗಬಹುದು. ಯುರೋಪಿನ ಇಎನ್ 1888 ಮಾನದಂಡದ ಪ್ರಕಾರ 6 ತಿಂಗಳೊಳಗಿನ ಮಗುವಿಗೆ ಬಳಸುವ ಗಾಡಿಯ ಸೀಟಿನ ಬೆನ್ನು, ಕೂರುವ ಭಾಗದಿಂದ ಕನಿಷ್ಠ 150 ಡಿಗ್ರಿ ಕೋನಕ್ಕೆ ಒರಗಬೇಕು. ಹಗುರ ಗಾಡಿಗಳಲ್ಲಿ ಬಹಳಷ್ಟು 6 ತಿಂಗಳ ನಂತರಕ್ಕೆ ಮಾಡಿದವು. ಪೆಟ್ಟಿಗೆ ಮೇಲೆ ಬರೆದಿರುತ್ತದೆ, ಓದಿ ನೋಡಿ.

ಬಿಜೈ ಅಮ್ಮನಿಗೆ. ನಿಮ್ಮ ಮಗು ಕೂರುತ್ತದೆ, ಹಾಗಾಗಿ ಆ ಚಿಂತೆ ಇಲ್ಲ. ಆದರೂ ಸೀಟು ಸ್ವಲ್ಪ ಒರಗಿಸಲು ಬರಲಿ. ಹೊರಗೆ ಹೋದಾಗ ಮಗು ನಿದ್ದೆ ಮಾಡಿಯೇ ಮಾಡುತ್ತದೆ. ಬೆಲ್ಟ್ ಐದು ಕಡೆಯಿಂದ ಬರಬೇಕು: ಎರಡು ಹೆಗಲು, ಎರಡು ಸೊಂಟ, ಒಂದು ಕಾಲಿನ ನಡುವೆ. ಬರೀ ಸೊಂಟದ ಬೆಲ್ಟ್ ಇದ್ದರೆ ಮಗು ಕೆಳಗೆ ಜಾರುತ್ತದೆ. ಐದು ನಿಮಿಷದ ದಾರಿಗೂ ಬೆಲ್ಟ್ ಹಾಕಿ.

ನನ್ನ ಹತ್ತಿರ ಬೆನ್ನು ನೋವು, ಮಣಿಕಟ್ಟು ನೋವು ಅಂತ ಬರುವ ಅಮ್ಮಂದಿರು ತುಂಬಾ. ಕಾರಣ ಕೇಳಿದರೆ ಎರಡು ಸಿಗುತ್ತವೆ. ಒಂದು, ಹ್ಯಾಂಡಲ್ ತೀರಾ ಕೆಳಗೆ. ನಿಂತಾಗ ಹ್ಯಾಂಡಲ್ ನಿಮ್ಮ ಸೊಂಟಕ್ಕಿಂತ ಸ್ವಲ್ಪ ಮೇಲೆ ಬರಬೇಕು. ನೀವು ಎತ್ತರ ಇದ್ದರೆ ಇದನ್ನು ಮುಖ್ಯವಾಗಿ ನೋಡಿ. ಇನ್ನೊಂದು, ಮಗುವನ್ನು ಕೂರಿಸಿಕೊಂಡೇ ಗಾಡಿ ಎತ್ತಿ ಮೆಟ್ಟಿಲು ಹತ್ತುವುದು. ಅದನ್ನು ಯಾವತ್ತೂ ಮಾಡಬೇಡಿ. ಬೆನ್ನಿಗೂ ಕೆಟ್ಟದು, ಕಾಲು ಜಾರಿದರೆ ಇಬ್ಬರಿಗೂ ಪೆಟ್ಟು. ಮಗುವನ್ನು ಬಟ್ಟೆಯ ಕ್ಯಾರಿಯರ್‌ನಲ್ಲಿ ಎದೆಗೆ ಕಟ್ಟಿಕೊಳ್ಳಿ. ಮಡಚಿದ ಗಾಡಿಯ ಪಟ್ಟಿಯನ್ನು ಹೆಗಲಿಗೆ ಹಾಕಿ. ಒಂದು ಕೈ ಕಂಬಿ ಹಿಡಿಯಲು ಖಾಲಿ ಇರಲಿ. ಎರಡನೇ ಮಾಳಿಗೆಯವರಿಗೆ ಸ್ಟ್ರೋಲರ್ ಒಂದೇ ಸಾಲದು, ಕ್ಯಾರಿಯರೂ ಬೇಕು.

ಹ್ಯಾಂಡಲ್‌ಗೆ ತರಕಾರಿ ಚೀಲ ನೇತು ಹಾಕುವುದು ಎಲ್ಲರೂ ಮಾಡುವ ತಪ್ಪು. ಮಗು ಕೂತಿರುವ ತನಕ ಸರಿ ಇರುತ್ತದೆ. ಮಗುವನ್ನು ಎತ್ತಿದ ಕೂಡಲೇ ಗಾಡಿ ಹಿಂದಕ್ಕೆ ಮಗುಚುತ್ತದೆ. ಹಗುರ ಗಾಡಿಯಲ್ಲಿ ಇದು ಇನ್ನೂ ಬೇಗ. ಏರು ರಸ್ತೆಯಲ್ಲಿ ಮಗು ಒಳಗಿರುವಾಗಲೇ ಮಗುಚಬಹುದು. ಭಾರ ಏನಿದ್ದರೂ ಸೀಟಿನ ಕೆಳಗಿನ ಬುಟ್ಟಿಗೆ.

ಬಿಜೈ ಅಮ್ಮ · ಆಗಸ್ಟ್ 8

ಇಷ್ಟು ವಿವರ ಯಾರೂ ಹೇಳಿರಲಿಲ್ಲ. ಈಗ ಎರಡು ಪ್ರಶ್ನೆ ಉಳಿದಿವೆ. ವಿಮಾನದಲ್ಲಿ ಹೇಗೆ? ಇನ್ನೊಂದು, ಪರಿಚಯದವರು ಆರು ವರ್ಷ ಹಳೆಯ, ಒಳ್ಳೆ ಕಂಪನಿಯ ಗಾಡಿಯನ್ನು 2 ಸಾವಿರಕ್ಕೆ ಕೊಡುತ್ತಾರಂತೆ. ತೆಗೆದುಕೊಳ್ಳಬಹುದಾ?

ಕಾಪು–ಅಬುಧಾಬಿ · ಆಗಸ್ಟ್ 8

ವಿಮಾನದ ಬಗ್ಗೆ ನಾನು ಹೇಳುತ್ತೇನೆ. ಎರಡು ಮಕ್ಕಳ ಜೊತೆ ಬಜಪೆ (ಮಂಗಳೂರು ವಿಮಾನ ನಿಲ್ದಾಣ)–ಅಬುಧಾಬಿ ವರ್ಷಕ್ಕೆ ಎರಡು ಸಲ ಹೋಗಿ ಬರುತ್ತೇವೆ.

ಸಣ್ಣ ಮಗು ಇದ್ದರೆ ಸ್ಟ್ರೋಲರ್‌ಗೆ ಹೆಚ್ಚಿನ ಏರ್‌ಲೈನ್‌ಗಳು ಹಣ ತೆಗೆದುಕೊಳ್ಳುವುದಿಲ್ಲ. ಟಿಕೆಟ್ ಮಾಡುವಾಗಲೇ ಕೇಳಿ ಖಚಿತ ಮಾಡಿಕೊಳ್ಳಿ. ಚೆಕ್‌ಇನ್ ಕೌಂಟರಿನಲ್ಲಿ ಅದಕ್ಕೆ ಟ್ಯಾಗ್ ಹಾಕಿಸಿ, ವಿಮಾನದ ಬಾಗಿಲಿನ ತನಕ ತಳ್ಳಿಕೊಂಡು ಹೋಗಿ, ಅಲ್ಲಿ ಮಡಚಿ ಕೊಡುವುದು ಕ್ರಮ. ಸೆಕ್ಯುರಿಟಿಯಲ್ಲಿ ಮಗುವನ್ನು ಎತ್ತಿಕೊಂಡು ಗಾಡಿಯನ್ನು ಎಕ್ಸ್‌ರೇ ಬೆಲ್ಟಿಗೆ ಹಾಕಬೇಕು. ಕದ್ರಿ ಕಂಬಳದವರು ಹೇಳಿದ ಒಂದು ಕೈ ಪರೀಕ್ಷೆ ಅಲ್ಲೂ ಬರುತ್ತದೆ. ಹಿಂದೆ ಸಾಲು ನಿಂತಿರುತ್ತದೆ.

"ಕ್ಯಾಬಿನ್ ಸೈಜ್" ಅಂತ ಬರೆದಿದ್ದರೆ ಸುಮ್ನೆ ನಂಬಬೇಡಿ. ಐಎಟಿಎ (ಏರ್‌ಲೈನ್‌ಗಳ ಅಂತರರಾಷ್ಟ್ರೀಯ ಸಂಘ) ಸೂಚಿಸುವ ಕೈಚೀಲದ ಅಳತೆ 56×45×25 ಸೆಂಟಿಮೀಟರ್. ಆದರೆ ಎಷ್ಟೋ ಏರ್‌ಲೈನ್‌ಗಳು 55×35×25 ಮಾತ್ರ ಬಿಡುತ್ತವೆ. ನಮ್ಮ ದೇಶದೊಳಗೆ ಕೈಚೀಲಕ್ಕೆ ಸಾಮಾನ್ಯವಾಗಿ 7 ಕೆಜಿ ಮಿತಿ. ಹೆಸರುವಾಸಿ ಬೇಬಿಜೆನ್ ಯೋಯೋ ಮಡಚಿದಾಗ 52×44×18. ಮೊದಲನೆಯದಕ್ಕೆ ಹಿಡಿಸುತ್ತದೆ, ಎರಡನೆಯದಕ್ಕೆ ಅಗಲ ಜಾಸ್ತಿ. ತೀರಾ ಸಣ್ಣದು ಬೇಕಂದರೆ ಜಿಬಿ ಪಾಕಿಟ್. ಮಡಚಿದರೆ 30×18×35 ಸೆಂಟಿಮೀಟರ್. 2014ರಲ್ಲಿ ಅತಿ ಚಿಕ್ಕದಾಗಿ ಮಡಚುವ ಸ್ಟ್ರೋಲರ್ ಅಂತ ಗಿನ್ನೆಸ್ ದಾಖಲೆಗೆ ಸೇರಿತು. ನಾನು ಗಲ್ಫ್‌ನಲ್ಲಿ ಅದನ್ನು ತಳ್ಳಿ ನೋಡಿದ್ದೇನೆ. ಮಾಲ್‌ನಲ್ಲಿ ಚಂದ. ಕಾಪುವಿನ ನಮ್ಮ ಮನೆ ಎದುರಿನ ಕೆಂಪು ಮಣ್ಣಿನ ದಾರಿಯಲ್ಲಿ ಇಪ್ಪತ್ತು ಹೆಜ್ಜೆ ಹೋಗಲಿಲ್ಲ. ಈ ಎರಡೂ ನಿಮ್ಮ ಬಜೆಟ್ಟಿಗೆ ಬರುವುದಿಲ್ಲ, ನಿಮಗೆ ಅವುಗಳ ಅಗತ್ಯವೂ ಇಲ್ಲ. ವರ್ಷಕ್ಕೆ ಒಂದು ವಿಮಾನಕ್ಕಾಗಿ ದಿನದ ರಸ್ತೆಯನ್ನು ಮರೆಯಬೇಡಿ. ವಿಮಾನದ ಬಾಗಿಲಲ್ಲಿ ಕೊಟ್ಟರಾಯಿತು.

ಒಂದು ಎಚ್ಚರಿಕೆ. ನಮ್ಮ ಗಾಡಿ ಒಮ್ಮೆ ಹಿಂದಿನ ಬ್ರೇಕ್ ಮುರಿದು ಬಂತು. ಬಾಗಿಲಲ್ಲಿ ಕೊಡುವಾಗ ಹಾಗೇ ಕೊಟ್ಟಿದ್ದೆವು. ಈಗ ಜಿಪ್ ಇರುವ ದಪ್ಪ ಚೀಲಕ್ಕೆ ಹಾಕಿಯೇ ಕೊಡುತ್ತೇವೆ. ಕೊಡುವ ಮೊದಲು ಒಂದು ಫೋಟೋ ತೆಗೆಯುತ್ತೇವೆ.

ಕದ್ರಿ ಕಂಬಳ · ಆಗಸ್ಟ್ 8

ಹಳೆ ಗಾಡಿ ಬಗ್ಗೆ. ಉಚಿತವಾಗಿ ಕೊಟ್ಟರೂ ಮೊದಲು ಕೀಲು ನೋಡಿ. 2009ರಲ್ಲಿ ಅಮೆರಿಕದಲ್ಲಿ ಸುಮಾರು 10 ಲಕ್ಷ ಮ್ಯಾಕ್ಲಾರೆನ್ ಗಾಡಿಗಳನ್ನು ರೀಕಾಲ್ ಮಾಡಿದರು, ಅಂದರೆ ದೋಷ ಸರಿಪಡಿಸಲು ಕರೆ ಕೊಟ್ಟರು. ಬಿಡಿಸುವಾಗ ಮಗುವಿನ ಬೆರಳು ಕೀಲಿನಲ್ಲಿ ಸಿಕ್ಕಿ, 12 ಮಕ್ಕಳ ಬೆರಳ ತುದಿ ತುಂಡಾಗಿತ್ತು. ಕಂಪನಿ ಕೀಲಿಗೆ ಹಾಕಲು ಬಟ್ಟೆಯ ಕವರ್ ಕೊಟ್ಟಿತು. ಅಷ್ಟು ದೊಡ್ಡ ಹೆಸರಿನ ಗಾಡಿಯಲ್ಲೇ ಹೀಗಾಯಿತು ಅಂದರೆ ಯಾವ ಗಾಡಿಯಾದರೂ ನಾವು ಜಾಗ್ರತೆ ಇರಬೇಕು ಅಲ್ವಾ? ಮಡಚುವಾಗ, ಬಿಡಿಸುವಾಗ ಮಗು ನಮ್ಮ ಸೊಂಟದಲ್ಲಿರಬೇಕು, ಇಲ್ಲ ಎರಡು ಹೆಜ್ಜೆ ದೂರ ಇರಬೇಕು. ಬಿಡಿಸಿದ ಮೇಲೆ "ಕ್ಲಿಕ್" ಕೇಳಿಸಿಕೊಂಡು, ಒಮ್ಮೆ ಕೆಳಗೆ ಒತ್ತಿ ನೋಡಿಯೇ ಕೂರಿಸಬೇಕು.

ಉರ್ವ ಸೈಕಲ್ · ಆಗಸ್ಟ್ 8

ಆರು ವರ್ಷ ಹಳೆಯದು ಅಂದರೆ ಆರು ಮಳೆಗಾಲ ಕಂಡದ್ದು. ಪ್ಲಾಸ್ಟಿಕ್ ಕೀಲು ಗಡುಸಾಗಿ ಬಿರುಕು ಬಿಟ್ಟಿರಬಹುದು. ಕಣ್ಣಿಗೆ ಕಾಣುವುದಿಲ್ಲ. ಬ್ರೇಕ್ ಹಾಕಿ, ಖಾಲಿ ಗಾಡಿಯಲ್ಲಿ 10 ಕೆಜಿ ಅಕ್ಕಿ ಚೀಲ ಇಟ್ಟು, ಇಳಿಜಾರಿನಲ್ಲಿ ನಿಲ್ಲಿಸಿ ನೋಡಿ. ಸ್ವಲ್ಪ ಸರಿದರೂ ಬೇಡ. ನಮ್ಮದು ಏರು ಇಳಿಜಾರಿನ ಊರು. ಸಮತಟ್ಟಾದ ಊರಿನಲ್ಲಿ ನಡೆಯುವ ಬ್ರೇಕ್ ಇಲ್ಲಿ ಸಾಲದು. ಎರಡು ಹಿಂದಿನ ಚಕ್ರವನ್ನೂ ಒಂದೇ ಪೆಡಲ್‌ನಲ್ಲಿ ಹಿಡಿಯುವ ಬ್ರೇಕ್ ಒಳ್ಳೆಯದು.

ರಥಬೀದಿ ಮನೆ · ಆಗಸ್ಟ್ 9

ಉಡುಪಿಗೆ ಬರುತ್ತೀರಿ ಅಂದಿರಿ, ಅದಕ್ಕೆ ಬರೆಯುತ್ತೇನೆ. ರಥಬೀದಿಯಲ್ಲಿ ಬೆಳಿಗ್ಗೆ ಬೇಗ ಬಂದರೆ ಗಾಡಿ ತಳ್ಳಲು ಆರಾಮ. ಮಠದ ಒಳಗೆ ಮಗುವನ್ನು ಎತ್ತಿಕೊಂಡೇ ಹೋಗಬೇಕು. ಮಡಚಿ ಪರಿಚಯದ ಅಂಗಡಿಯಲ್ಲಿ ಇಟ್ಟು ಹೋಗಿ. ವಿಟ್ಲಪಿಂಡಿ (ಕೃಷ್ಣಾಷ್ಟಮಿಯ ಮರುದಿನದ ಉತ್ಸವ) ದಿನ ಮಾತ್ರ ಗಾಡಿ ತರಲೇಬೇಡಿ. ಆ ಜನಸಂದಣಿಯಲ್ಲಿ ಮಗು ಕೆಳಗೆ ಇರುತ್ತದೆ, ಯಾರಿಗೂ ಕಾಣುವುದಿಲ್ಲ. ಮಲ್ಪೆಯಲ್ಲಿ ಮರಳಿಗೆ ಇಳಿಸಬೇಡಿ. ಸೀ ವಾಕ್ ಕಡೆ ಹೋದರೆ ಓಡುತ್ತದೆ. ಸೇಂಟ್ ಮೇರಿಸ್ ದ್ವೀಪದಲ್ಲಿ ಬರೀ ಕಲ್ಲು, ಚಿಪ್ಪು. ಅಲ್ಲಿಗೆ ಎದೆಗೆ ಕಟ್ಟುವ ಕ್ಯಾರಿಯರೇ ಸರಿ. ಮಣಿಪಾಲದ ಎಂಡ್ ಪಾಯಿಂಟ್‌ನಲ್ಲಿ ಸಂಜೆ ಅರ್ಧ ಗಂಟೆ ತಳ್ಳಿದರೆ ಮಗು ನಿದ್ದೆಯೇ ಮಾಡಿಬಿಡುತ್ತದೆ.

ಸುರತ್ಕಲ್ ಅಜ್ಜಿ · ಆಗಸ್ಟ್ 9

ಬಿಸಿಲಿಗೆ ಗಾಡಿ ಮೇಲೆ ಪಂಚೆ ಹೊದಿಸುತ್ತಾರೆ ಕೆಲವರು. ಅದು ಸರಿಯಾ ಡಾಕ್ಟರಮ್ಮ? ನನಗೆ ನೋಡಿದರೆ ಉಸಿರು ಕಟ್ಟಿದ ಹಾಗೆ ಆಗುತ್ತದೆ.

ಮಣಿಪಾಲ ಫಿಸಿಯೋ · ಆಗಸ್ಟ್ 9

ಅಜ್ಜಿ, ನಾನು ಡಾಕ್ಟರ್ ಅಲ್ಲ, ಫಿಸಿಯೋ. ಆದರೆ ನಿಮಗೆ ಅನ್ನಿಸಿದ್ದು ಸರಿಯಾಗಿಯೇ ಇದೆ. ಸಿಡ್ನಿ ವಿಶ್ವವಿದ್ಯಾಲಯದವರು 2023ರಲ್ಲಿ ಇದನ್ನು ಪರೀಕ್ಷೆ ಮಾಡಿದರು. ಒಣ ತೆಳು ಬಟ್ಟೆ ಹೊದಿಸಿದರೂ ಗಾಡಿಯೊಳಗೆ ಬಿಸಿ ಏರಿತು. ಬಟ್ಟೆ ಒದ್ದೆ ಮಾಡಿ, ಸಣ್ಣ ಫ್ಯಾನ್ ಇಟ್ಟಾಗ ಇಳಿಯಿತು. ಆದರೆ ನಮ್ಮ ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ಜಾಸ್ತಿ. ಒದ್ದೆ ಬಟ್ಟೆಯ ನೀರು ಬೇಗ ಆರುವುದಿಲ್ಲ, ಅಷ್ಟು ತಂಪೂ ಸಿಗುವುದಿಲ್ಲ. ಹೊದಿಸದೆ ಇರುವುದೇ ಒಳ್ಳೆಯದು. ಮುಂದಕ್ಕೆ ಎಳೆಯುವ ದೊಡ್ಡ ಹುಡ್ ಇರಲಿ, ಬೆನ್ನಿನ ಹತ್ತಿರ ಗಾಳಿ ಹೋಗುವ ಜಾಲರಿ ಇರಲಿ. ಮಾರ್ಚ್‌ನಿಂದ ಮೇ ತನಕ ಮಧ್ಯಾಹ್ನ ಹೊರಡಬೇಡಿ. ಮಳೆಯ ಪ್ಲಾಸ್ಟಿಕ್ ಕವರ್‌ಗೂ ಇದೇ ಮಾತು. ಪಕ್ಕದಲ್ಲಿ ಗಾಳಿಯ ತೂತು ಇರಲೇಬೇಕು. ಮಳೆ ನಿಂತ ಕೂಡಲೇ ತೆಗೆಯಿರಿ.

ಬಿಜೈ ಅಮ್ಮ · ಆಗಸ್ಟ್ 17

ತೆಗೆದುಕೊಂಡೆ! ಮೂರು ಮಡಿಕೆಯದು, 6.4 ಕೆಜಿ, ಪಿಯು ಚಕ್ರ, 7,900 ರೂಪಾಯಿ. ಅಂಗಡಿಗೆ ಮಗಳನ್ನು ಕರೆದುಕೊಂಡು ಹೋಗಿ, ನೀವು ಹೇಳಿದ ಹಾಗೆಯೇ ಮಾಡಿದೆ. 5 ಕೆಜಿಯದನ್ನು ಒಂದು ಕೈಯಲ್ಲಿ ಮಡಚಲು ಆಗಲೇ ಇಲ್ಲ. ಇದು ಮೂರನೇ ಸಲಕ್ಕೆ ಬಂತು. ಸೀಟಿನ ಬಟ್ಟೆ ಬಿಚ್ಚುತ್ತದೆ, ಚಕ್ರವೂ ಬಿಚ್ಚುತ್ತದೆ. ಮಳೆ ಕವರ್ ಬೇರೆ ತೆಗೆದುಕೊಂಡೆ. ಬೆಲ್ಟ್ ಐದು ಕಡೆಯದು. ಹಳೆ ಗಾಡಿ ಬೇಡ ಅಂದೆ.

ಒಂದು ಕಡಿಮೆ ಇದೆ. ಕೆಳಗಿನ ಬುಟ್ಟಿ ಸಣ್ಣದು. ಒಂದು ಬಸಳೆ ಕಟ್ಟು ಇಟ್ಟರೆ ಅಲ್ಲಿಗೆ ಮುಗಿಯಿತು. ಹಾಗಾಗಿ ಉಳಿದದ್ದಕ್ಕೆ ಬೆನ್ನಿಗೆ ಹಾಕುವ ಚೀಲ.

ನಿನ್ನೆ ಮೊದಲ ಸಲ ಹೊರಟದ್ದು 9 ತಿಂಗಳ ಎಂಆರ್ (ದಡಾರ–ರುಬೆಲ್ಲಾ) ಲಸಿಕೆಗೆ. ಮೆಟ್ಟಿಲು ಇಳಿಯುವಾಗ ಮಗಳು ಎದೆಗೆ, ಗಾಡಿ ಹೆಗಲಿಗೆ. ಕೆಳಗೆ ಬಿಡಿಸಿ ಕೂರಿಸಿದೆ. ಬರುವಾಗ ಮಳೆ ಬಂತು. ರಿಕ್ಷಾದವರು ಇಳಿದು ಸಹಾಯ ಮಾಡಲು ಬಂದರು, ಅಷ್ಟರಲ್ಲಿ ನಾನು ಮಡಚಿ ಆಗಿತ್ತು.

ಬಿಜೈ ಅಮ್ಮ · ನವೆಂಬರ್ 19

ಮುಂಬೈಗೆ ಹೋಗಿ ಬಂದೆವು. ಮೂರು ತಿಂಗಳ ಬಳಕೆ ಹೇಳುತ್ತೇನೆ, ಮುಂದೆ ಕೊಳ್ಳುವವರಿಗೆ ಬೇಕಾಗಬಹುದು.

ಹೋಗುವಾಗ ಬಜಪೆಯಲ್ಲಿ ವಿಮಾನದ ಬಾಗಿಲಲ್ಲಿ ಕೊಟ್ಟೆ. ಮುಂಬೈಯಲ್ಲಿ ಬಾಗಿಲಲ್ಲೇ ಸಿಗುತ್ತದೆ ಅಂದುಕೊಂಡಿದ್ದೆ. ಸಿಗಲಿಲ್ಲ. ಲಗೇಜ್ ಬೆಲ್ಟಿಗೆ ಬರುತ್ತದೆ ಅಂದರು. ಅಲ್ಲಿಯ ತನಕ ತುಂಬಾ ನಡೆಯಲಿಕ್ಕಿತ್ತು, ಮಗಳು ನಿದ್ದೆಯಲ್ಲಿದ್ದಳು. ಕ್ಯಾರಿಯರ್ ಕೈಚೀಲದಲ್ಲಿ ಇದ್ದದ್ದಕ್ಕೆ ಬದುಕಿದೆ. ಹೋಗುವವರು ಬಾಗಿಲಲ್ಲಿ ಕೊಡುವಾಗಲೇ ಎಲ್ಲಿ ಸಿಗುತ್ತದೆ ಅಂತ ಕೇಳಿ. ಚೀಲಕ್ಕೆ ಹಾಕಿ ಕೊಟ್ಟಿದ್ದರಿಂದ ಗೀರು ಸಹ ಆಗಿಲ್ಲ.

ಊರಿನಲ್ಲಿ ಕದ್ರಿ ಪಾರ್ಕ್, ಮಲ್ಲಿಕಟ್ಟೆ ಮಾರ್ಕೆಟ್, ಉಡುಪಿ ಬಸ್ಸು, ಎಲ್ಲ ಕಡೆ ಹೋಗಿದೆ. ಸ್ಲ್ಯಾಬ್ ಸಂದಿಯಲ್ಲಿ ಎರಡು ಸಲ ಸಿಕ್ಕಿಕೊಂಡಿತು, ಚಕ್ರ ಲಾಕ್ ಮಾಡಲು ಮರೆತದ್ದಕ್ಕೆ. ಬೆಲ್ಟ್ ಇತ್ತು, ಮಗಳಿಗೆ ಏನೂ ಆಗಲಿಲ್ಲ. ಸೆಪ್ಟೆಂಬರ್‌ನಲ್ಲಿ ಒಮ್ಮೆ ಒದ್ದೆಯಾಗಿದ್ದಾಗ ಮಡಚಿಟ್ಟು ಉಡುಪಿಗೆ ಹೋದೆ. ಬಂದು ನೋಡಿದರೆ ಹುಡ್‌ನ ಮಡಿಕೆಯಲ್ಲಿ ಬೂಷ್ಟು. ಅಜ್ಜಿ ಹೇಳಿದ್ದು ನೆನಪಾಯಿತು. ವಿನೆಗರ್ ನೀರಲ್ಲಿ ತಿಕ್ಕಿ, ಬಿಸಿಲು ಬಂದ ದಿನ ಒಣಗಿಸಿದೆ. ಒಂದು ಕಲೆ ಹಾಗೇ ಇದೆ.

ಬೆನ್ನು ನೋವು ಕಡಿಮೆ ಆಗಿದೆ.

ಕಂಕನಾಡಿ ಚಿಕ್ಕಮ್ಮ · ನವೆಂಬರ್ 20

ಅಕ್ಕನ ಮಗುವಿಗೆ ಈಗ 5 ತಿಂಗಳು. ಮುಂದಿನ ತಿಂಗಳು ಕೊಡೋಣ ಅಂತ ಇದ್ದೇನೆ. ಅಕ್ಕ ಸಣ್ಣ ಆಳು, ಅವಳ ಕೈಗೆ ಇದು ಆಗುತ್ತದಾ ಗೊತ್ತಿಲ್ಲ. ಎಲ್ಲಾದರೂ ಒಮ್ಮೆ ನೋಡಬಹುದಾ?

ಬಿಜೈ ಅಮ್ಮ · ನವೆಂಬರ್ 20

ಖಂಡಿತ. ಭಾನುವಾರ ಸಂಜೆ 4:30ಕ್ಕೆ ಕದ್ರಿ ಪಾರ್ಕ್ ಗೇಟಿನ ಹತ್ತಿರ ಇರುತ್ತೇವೆ. ಅಕ್ಕನನ್ನೂ ಮಗುವನ್ನೂ ಕರೆದುಕೊಂಡು ಬನ್ನಿ. ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಅವರೇ ಮಡಚಿ ನೋಡಲಿ.